ಅಕ್ಕೋರ ಸಂಸ್ಮರಣ ಗ್ರಂಥ ಮತ್ತು ಅದನ್ನು ಅಚ್ಚು ಹಾಕಿಕೊಟ್ಟ ಕಲಬುರಗಿಯ ಮುದ್ರಣಾಲಯ

ತೀರಿಕೊಂಡ ಹಿರಿಯರ ನೆನಪಿಗೆ ಪುಸ್ತಕ ಮಾಡಿಸಬೇಕೆಂದು ಕಲಬುರಗಿಯಲ್ಲಿ ಯಾರಾದರೂ ವಿಚಾರಿಸಿದರೆ ನಾನು ಈಗ ಹಿಂದೆಮುಂದೆ ನೋಡದೆ ಸುಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಕಾಗದದ ಸಗಟು ಅಂಗಡಿಯ ಮೇಲ್ಮಹಡಿಯಲ್ಲಿರುವ ಮುದ್ರಣಾಲಯವನ್ನು ತೋರಿಸುತ್ತೇನೆ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಶಾಲೆಗಳ ಹಾಜರಿ ಪುಸ್ತಕ ಇವೇ ಅಲ್ಲಿನ ದಿನನಿತ್ಯದ ಕೆಲಸ. ಓದುವ ಪುಸ್ತಕಗಳು ಅಲ್ಲಿ ಅಚ್ಚಾಗುವುದು ವರ್ಷಕ್ಕೆ ಕೆಲವೇ. ಆದರೂ ನಮ್ಮ ಆಯಿಯ ಸಂಸ್ಮರಣ ಗ್ರಂಥದ ವಿಷಯದಲ್ಲಿ ಅವರು ತೋರಿದ ಆಸ್ಥೆಯನ್ನು ವಿವರವಾಗಿ ಬರೆದಿಡುವುದು ಅಗತ್ಯವೆಂದು ನನಗೆ ಅನಿಸಿದೆ. ಮುದ್ರಣಕ್ಕೆ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಅಚ್ಚು ಹಾಕಿ ಹಣ ಎಣಿಸಿಕೊಳ್ಳುವ ಮುದ್ರಕರು ಎಲ್ಲ ಊರಿನಲ್ಲಿಯೂ ಸಿಗುತ್ತಾರೆ. ಪುಸ್ತಕ ಯಾರ ಕುರಿತಾದದ್ದು, ಅವರು ಎಂಥ ಬದುಕು ಬದುಕಿದರು ಎಂದು ಮೊದಲು ತಿಳಿದುಕೊಂಡು, ಆ ಬದುಕಿಗೆ ಒಪ್ಪುವಂತೆ ಪ್ರತಿಯೊಂದು ಪುಟವನ್ನೂ ಕಟ್ಟುವವರು ಅಪರೂಪ.

ಆಯಿ ನಮ್ಮ ತಂದೆಯ ತಾಯಿ. ಮನೆಯ ಹೊರಗೆ ಅವರು ಎಲ್ಲರಿಗೂ ‘ಅಕ್ಕೋರು’, ಅಂದರೆ ಶಾಲೆಯ ಶಿಕ್ಷಕಿ. 1928ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಅವರು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶಾಲೆಯ ಕೆಲಸಕ್ಕೆ ಸೇರಿ, 1983ರಲ್ಲಿ ನಿವೃತ್ತರಾದರು. ಆಳಂದ, ಚಿತ್ತಾಪುರ, ಸೇಡಂ, ಸುರಪುರ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಸುತ್ತಿ, ಕಡೆಯ ಹತ್ತಾರು ವರ್ಷ ಕಲಬುರಗಿ ಪಟ್ಟಣದಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿದರು. ಅವರ ಸೇವಾ ಪುಸ್ತಕದ ಪುಟ ತಿರುವುತ್ತ ಹೋದರೆ ಹೈದರಾಬಾದ್ ಸಂಸ್ಥಾನ, 1956ರ ನವೆಂಬರ್ 1ರ ನಂತರ ಮೈಸೂರು ರಾಜ್ಯ, 1973ರ ನವೆಂಬರ್ 1ರ ನಂತರ ಕರ್ನಾಟಕ ರಾಜ್ಯ, ಹೀಗೆ ಮೂರು ಸರ್ಕಾರಗಳ ಮೊಹರುಗಳು ಕಾಣಸಿಗುತ್ತವೆ. ಮನೆಯಲ್ಲಿ ನಾಲ್ಕು ತಲೆಮಾರುಗಳ ಯಜಮಾನಿಕೆ ಅವರ ಕೈಯಲ್ಲಿತ್ತು. ತೊಗರಿಯ ರಾಶಿ ಯಾವಾಗ ಮಾರಬೇಕೆನ್ನುವುದರಿಂದ ಹಿಡಿದು ಯಾವ ಮೊಮ್ಮಗಳು ಎಲ್ಲಿ ಓದಬೇಕೆನ್ನುವವರೆಗೆ ಅವರ ಮಾತೇ ಕೊನೆಯ ಮಾತಾಗಿತ್ತು. ಮೊದಲ ಪುಣ್ಯಸ್ಮರಣೆಯ ದಿನ ಬಂದವರ ಕೈಗೆ ಸ್ಟೀಲಿನ ಡಬ್ಬಿ ಕೊಡುವ ಬದಲು ಅವರ ಬದುಕನ್ನೇ ಕೊಡೋಣ ಎಂದು ನನ್ನ ಸೋದರತ್ತೆ ಹೇಳಿದ ಮಾತಿಗೆ ಎಲ್ಲರೂ ಒಪ್ಪಿದರು.

ಮುದ್ರಣಾಲಯದ ಮಾಲಕರು ಅರವತ್ತು ದಾಟಿದವರು. ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸ ಕಲಿತು, ಈಗ ಆಫ್‌ಸೆಟ್ ಯಂತ್ರ ನಡೆಸುವವರು. ನಾವು ತಂದ ಕಟ್ಟು ಬಿಚ್ಚಿ ನೋಡಿದ ಅವರು ದರದ ಮಾತು ತೆಗೆಯುವ ಮೊದಲೇ, ‘ಫೋಟೊದಾಗ ಯಾರ್ಯಾರು ಅದಾರ ಅಂತ ಒಂದೊಂದು ಹೆಸರೂ ಬರದು ತರ್ರಿ. ಗೊತ್ತಿದ್ದ ಮಂದಿ ಇನ್ನೂ ಇರೋತನಕ ಕೇಳ್ಕೋರಿ’ ಎಂದರು. ಈ ಒಂದು ಸೂಚನೆಯಿಂದ ಪುಸ್ತಕದ ಸ್ವರೂಪವೇ ಬದಲಾಯಿತು. ಶಾಲೆಯ ಗುಂಪು ಭಾವಚಿತ್ರಗಳನ್ನು ಹಿಡಿದು ಮನೆಯವರು ಆಯಿಯ ಹಳೆಯ ವಿದ್ಯಾರ್ಥಿನಿಯರ ಮನೆಗಳಿಗೆ ಹೋದರು. ಎಪ್ಪತ್ತು, ಎಂಬತ್ತು ವಯಸ್ಸಿನ ಆ ಹಿರಿಯರು ಚಿತ್ರದಲ್ಲಿದ್ದ ಹುಡುಗಿಯರನ್ನು ಒಬ್ಬೊಬ್ಬರಾಗಿ ಗುರುತಿಸುತ್ತ, ಆಯಿಯ ಕುರಿತು ನಮಗೆ ಗೊತ್ತೇ ಇರದಿದ್ದ ಸಂಗತಿಗಳನ್ನು ಹೇಳತೊಡಗಿದರು. ಪುಸ್ತಕದ ಅತ್ಯುತ್ತಮ ಭಾಗ ಹುಟ್ಟಿದ್ದು ಹೀಗೆ.

ಆ ಭಾಗದಲ್ಲಿರುವುದು ವಿದ್ಯಾರ್ಥಿನಿಯರ ನೆನಪುಗಳು. ಪಾಟಿ ಕೊಳ್ಳಲಾಗದ ಮಕ್ಕಳಿಗೆ ಅಕ್ಕೋರು ಶಹಾಬಾದಿ ಕಲ್ಲಿನ ನೆಲದ ಮೇಲೆಯೇ ಬಳಪದಿಂದ ಅಕ್ಷರ ತಿದ್ದಿಸುತ್ತಿದ್ದರೆಂದೂ, ಸಂಜೆ ಅದೇ ಮಕ್ಕಳ ಕೈಯಿಂದ ನೆಲ ತೊಳೆಸದೆ ತಾವೇ ತೊಳೆಯುತ್ತಿದ್ದರೆಂದೂ ಸೇಡಂ ಕಡೆಯ ಒಬ್ಬರು ಹೇಳಿದ್ದಾರೆ. ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕೆಂದು ಮನೆಯಲ್ಲಿಯೇ ಉಳಿಯುತ್ತಿದ್ದ ಹುಡುಗಿಯರಿಗೆ ಆ ಕೂಸುಗಳನ್ನೂ ಶಾಲೆಗೆ ಕರೆತರಲು ಹೇಳಿ, ಪಡಸಾಲೆಯ ತೊಲೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿಸಿ, ಪಾಳಿಯ ಮೇಲೆ ತೂಗಲು ಹಚ್ಚುತ್ತಿದ್ದರೆಂಬುದು ಇನ್ನೊಬ್ಬರ ನೆನಪು. ಜೋಳ ಕೊಯ್ಯುವ ದಿನಗಳಲ್ಲಿ ಹೊಲಕ್ಕೆ ಹೋಗುತ್ತಿದ್ದ ಮಕ್ಕಳಿಗೆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಪಾಠ ಹೇಳುತ್ತಿದ್ದರಂತೆ. ಹದಿಮೂರನೆಯ ವಯಸ್ಸಿಗೆ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ತಂದೆಯ ಮುಂದೆ ಅಕ್ಕೋರು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಕಟ್ಟೆಯ ಮೇಲೆ ಕುಳಿತೇ ಇದ್ದು, ಏಳನೆಯ ಇಯತ್ತೆ ಮುಗಿಯುವವರೆಗೆ ಮದುವೆ ಮುಂದೂಡಿಸಿದರೆಂಬ ಸಂಗತಿಯನ್ನು ಆ ಹುಡುಗಿಯೇ, ಈಗ ಸ್ವತಃ ನಿವೃತ್ತ ಶಿಕ್ಷಕಿ, ನಾಲ್ಕು ಪುಟಗಳಲ್ಲಿ ಬರೆದುಕೊಟ್ಟಿದ್ದಾರೆ. ಇಂಥ ಬರಹಗಳನ್ನು ನಮ್ಮ ಕುಟುಂಬದ ಒಬ್ಬರು ಶಿಷ್ಟ ಕನ್ನಡಕ್ಕೆ ತಿದ್ದಲು ಹೊರಟಿದ್ದರು. ಮಾಲಕರು ಎರಡು ಪುಟಗಳ ಕರಡನ್ನು ತಿದ್ದಿದ ರೂಪದಲ್ಲಿಯೂ ತಿದ್ದದ ರೂಪದಲ್ಲಿಯೂ ಅಚ್ಚು ತೆಗೆದು ಪಕ್ಕಪಕ್ಕದಲ್ಲಿ ಇಟ್ಟರು. ತಿದ್ದಿದ ಪುಟದಲ್ಲಿ ಎಲ್ಲರೂ ಒಂದೇ ರೀತಿ ಮಾತನಾಡುತ್ತಿದ್ದರು. ಅದನ್ನು ನೋಡಿದ ಮೇಲೆ ಯಾರ ಬರಹವನ್ನೂ ಕಾಗುಣಿತದ ಆಚೆಗೆ ಮುಟ್ಟಬಾರದೆಂದು ತೀರ್ಮಾನವಾಯಿತು.

ಈ ಮುದ್ರಣಾಲಯದ ಹೆಚ್ಚುಗಾರಿಕೆ ನನಗೆ ಮನದಟ್ಟಾದದ್ದು ಉರ್ದು ದಾಖಲೆಗಳ ವಿಷಯದಲ್ಲಿ. ನಿಜಾಮರ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಆಯಿಯ ಶಾಲಾ ಪ್ರಮಾಣಪತ್ರ, ಮೊದಲ ನೇಮಕಾತಿ ಆದೇಶ ಎರಡೂ ಉರ್ದುವಿನಲ್ಲಿವೆ, ಮತ್ತು ಅವುಗಳ ಮೇಲಿನ ತಾರೀಖುಗಳು ಸಂಸ್ಥಾನದ ಕಂದಾಯದ ಲೆಕ್ಕಕ್ಕೆ ಬಳಕೆಯಲ್ಲಿದ್ದ ಫಸಲಿ ವರ್ಷದವು. ಆಯಿ ಹುಟ್ಟಿದ ವರ್ಷದ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಪ್ರಮಾಣಪತ್ರದಲ್ಲಿ ಫಸಲಿ 1337ರ ಖುರ್ದಾದ್ ತಿಂಗಳು ಎಂದಿರುವುದನ್ನು ಓದಿಸಿದ ಮಾಲಕರು, ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಆರಂಭವಾಗುತ್ತಿತ್ತು, ಆದ್ದರಿಂದ ವರ್ಷದ ಮೊದಲ ಮೂರು ತಿಂಗಳಿಗೆ 590ನ್ನೂ ಉಳಿದ ತಿಂಗಳುಗಳಿಗೆ 591ನ್ನೂ ಕೂಡಿಸಬೇಕು ಎಂದು ವಿವರಿಸಿದರು. ಖುರ್ದಾದ್ ಏಳನೆಯ ತಿಂಗಳು, ಅಂದರೆ ಹೆಚ್ಚುಕಡಿಮೆ ಏಪ್ರಿಲ್. ಹಾಗಾಗಿ ವರ್ಷ 1928 ಎಂದು ನಿಶ್ಚಯವಾಯಿತು. ಈ ಲೆಕ್ಕ ತಿಳಿದಿರುವ ಮುದ್ರಕರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆನ್ನುವುದೇ ದೊಡ್ಡ ಸಮಾಧಾನ, ಏಕೆಂದರೆ ಕಲಬುರಗಿ, ಬೀದರ, ರಾಯಚೂರು ಕಡೆಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಇಂಥ ಕಾಗದಗಳು ಓದುವವರಿಲ್ಲದೆ ಉಳಿದಿವೆ.

ಮೊದಲ ಸಂಬಳದ ಚೀಟಿಯೂ ಸಿಕ್ಕಿತ್ತು. ಅದರಲ್ಲಿನ ರೂಪಾಯಿ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದ್ದು. ಏಳು ಹಾಲಿ ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಸಮ. ಈ ಒಂದು ವಾಕ್ಯದ ಟಿಪ್ಪಣಿಯನ್ನು ಚಿತ್ರದ ಕೆಳಗೇ ಹಾಕಬೇಕೆಂದು ಮಾಲಕರು ಒತ್ತಾಯಿಸಿದ್ದರಿಂದ, ಇಂದಿನ ಮಕ್ಕಳಿಗೂ ಆ ಚೀಟಿ ಅರ್ಥವಾಗುವಂತಾಗಿದೆ.

ಆಯಿಯ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ನೆನಪನ್ನು ಉರ್ದುವಿನಲ್ಲಿಯೇ ಬರೆದು ಕಳಿಸಿದ್ದರು. 1948ರಲ್ಲಿ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯಿಂದ ಊರು ಬಿಟ್ಟು ಸೊಲ್ಲಾಪುರದ ಕಡೆಗೆ ಹೋಗಿದ್ದ ಆಯಿ, ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ಸೈನ್ಯಕ್ಕೆ ಶರಣಾದ ಬಳಿಕ ಹಿಂದಿರುಗಿ ಶಾಲೆಯ ಬಾಗಿಲು ತೆಗೆದಾಗ, ಭಯದಿಂದ ಮನೆಯೊಳಗೇ ಉಳಿದಿದ್ದ ಮುಸ್ಲಿಂ ಹುಡುಗಿಯರನ್ನು ತಾವೇ ಓಣಿ ಓಣಿ ಸುತ್ತಿ ಕೈಹಿಡಿದು ಕರೆತಂದರೆಂಬ ಸಂಗತಿ ಅದರಲ್ಲಿದೆ. ತಾವೇ ನಿರಾಶ್ರಿತರಾಗಿ ತಿಂಗಳುಗಟ್ಟಲೆ ಕಷ್ಟಪಟ್ಟು ಬಂದವರು ಹೀಗೆ ನಡೆದುಕೊಂಡದ್ದನ್ನು ಆಯಿ ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಎರಡು ಪುಟಗಳು ಇವು. ಅವನ್ನು ಕನ್ನಡ ಅನುವಾದದಲ್ಲಷ್ಟೇ ಹಾಕಿದರೆ ಸಾಕೆಂದು ನಮ್ಮಲ್ಲಿ ಕೆಲವರು ಹೇಳಿದ್ದರು. ಮಾಲಕರು ಖಾಜಾ ಬಂದೇನವಾಜ್ ದರ್ಗಾದ ಹತ್ತಿರ ಉರ್ದು ಅಕ್ಷರಜೋಡಣೆ ಮಾಡುವವರಿಂದ ನಸ್ತಾಲಿಕ್ ಲಿಪಿಯಲ್ಲಿ ಪುಟ ಸಿದ್ಧಪಡಿಸಿ ತರಿಸಿದರು. ಉರ್ದು ಬಲದಿಂದ ಎಡಕ್ಕೆ ಓದುವ ಬರವಣಿಗೆಯಾದ್ದರಿಂದ, ಕನ್ನಡ ಪುಸ್ತಕದ ಕ್ರಮದಲ್ಲಿಯೇ ಪುಟಗಳನ್ನು ಇಟ್ಟರೆ ಬರಹ ಹಿಂದುಮುಂದಾಗುತ್ತದೆ. ಅವರು ಆ ಎರಡು ಪುಟಗಳು ಎದುರುಬದುರು ಬರುವಂತೆ ನೋಡಿಕೊಂಡು, ಮೊದಲನೆಯದನ್ನು ಬಲಕ್ಕೂ ಎರಡನೆಯದನ್ನು ಎಡಕ್ಕೂ ಇಟ್ಟು, ಕನ್ನಡ ಅನುವಾದವನ್ನು ಮುಂದಿನ ಪುಟದಿಂದ ಆರಂಭಿಸಿದ್ದಾರೆ. ಹೇಳದೆ ಇದ್ದರೂ ಇಷ್ಟು ಯೋಚಿಸಿ ಮಾಡಿದ್ದಕ್ಕೆ ಬರೆದವರ ಮೊಮ್ಮಕ್ಕಳು ಮುದ್ರಣಾಲಯಕ್ಕೇ ಬಂದು ಕೃತಜ್ಞತೆ ಹೇಳಿ ಹೋದರು.

ಇನ್ನು ಪುಸ್ತಕದ ಕಟ್ಟಡ. ಡೆಮಿ ಅಷ್ಟದಳ ಆಕಾರ, 176 ಪುಟಗಳು, ಅಂದರೆ 16 ಪುಟಗಳ ಹನ್ನೊಂದು ಫಾರ್ಮುಗಳು. ಒಳಪುಟಗಳಿಗೆ 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದ, ನಡುವಿನ ಚಿತ್ರಗಳ ಒಂದು ಫಾರ್ಮಿಗೆ 130 ಜಿಎಸ್ಎಂ ಆರ್ಟ್ ಕಾಗದ, ಮುಖಪುಟಕ್ಕೆ 300 ಜಿಎಸ್ಎಂ ರಟ್ಟು ಮತ್ತು ಹೊಳಪಿಲ್ಲದ ಲ್ಯಾಮಿನೇಷನ್. ಅಗ್ಗವಾಗಲೆಂದು ನಾವು ಅಂಟಿನ ಬೈಂಡಿಂಗ್ ಕೇಳಿದಾಗ, ನಮ್ಮ ಭಾಗದ ಬೇಸಿಗೆಯ ಧಗೆಗೆ ಅಂಟು ಸಡಿಲಾಗಿ ನಾಲ್ಕು ವರ್ಷದಲ್ಲಿ ಪುಟಗಳು ಕಳಚುತ್ತವೆ, ಮನೆಯಲ್ಲಿ ಉಳಿಯಬೇಕಾದ ಪುಸ್ತಕಕ್ಕೆ ದಾರದ ಹೊಲಿಗೆಯೇ ಬೇಕು ಎಂದು ಅವರು ಖಂಡಿತವಾಗಿ ಹೇಳಿದರು. ಹೊಲಿಗೆಗೆ ಹೆಚ್ಚಿನ ಹಣ ಕೊಟ್ಟದ್ದು ಸಾರ್ಥಕವಾಗಿದೆ: ಪುಸ್ತಕ ಯಾವ ಪುಟದಲ್ಲಿ ತೆರೆದರೂ ಬೆನ್ನು ಮುರಿಯದೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಕಣ್ಣು ಮಂಜಾದ ಹಿರಿಯರು ಮೇಜಿನ ಮೇಲೆ ಇಟ್ಟುಕೊಂಡು ಓದಬಹುದು. ಅಂಥ ಓದುಗರನ್ನು ನೆನೆದೇ ಅಕ್ಷರದ ಗಾತ್ರವನ್ನು ಸಾಮಾನ್ಯ ಪುಸ್ತಕಗಳಿಗಿಂತ ಒಂದಿಷ್ಟು ದೊಡ್ಡದಾಗಿ ಇಟ್ಟಿದ್ದಾರೆ.

ಚಿತ್ರಗಳ ವಿಷಯದಲ್ಲಿ ಅವರ ವಿವೇಕವನ್ನು ಮೆಚ್ಚಲೇಬೇಕು. ನಮ್ಮ ಮನೆಯ ಹುಡುಗರು ಮೊಬೈಲಿನಲ್ಲಿ ಹಳೆಯ ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ತುಂಬಿಸಿ ತಂದಿದ್ದರು. ಆಯಿಯ ಮುಖ ನುಣುಪಾಗಿ ಗುರುತೇ ಸಿಗದಂತಾಗಿತ್ತು, ಇಳಕಲ್ ಸೀರೆಯ ಕೆಂಪು ಸೆರಗು ನೀಲಿಯಾಗಿತ್ತು. ಮಾಲಕರು ಅದನ್ನು ನಯವಾಗಿ ಪಕ್ಕಕ್ಕಿಟ್ಟು, ಮೂಲ ಚಿತ್ರವನ್ನೇ ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿ, ಕಲೆ ಮತ್ತು ಮಡಿಕೆಯ ಗೆರೆಗಳನ್ನಷ್ಟೇ ತೆಗೆಸಿದರು. ಹಣೆಯ ವಿಭೂತಿ, ಮೂಗಿನ ನತ್ತು, ಕಣ್ಣಿನ ಸುತ್ತಲಿನ ಸುಕ್ಕು ಎಲ್ಲವೂ ಇದ್ದ ಹಾಗೆಯೇ ಉಳಿದಿವೆ. ಆಯಿ ಇಟ್ಟಿದ್ದ ಖರ್ಚಿನ ವಹಿಯಿಂದ ಎರಡು ಪುಟಗಳನ್ನು ಅಚ್ಚಿಸಿದ್ದೇವೆ. ಮನೆಗೆ ತಂದ ಬೆಲ್ಲ, ಎಣ್ಣೆಯ ಲೆಕ್ಕದ ನಡುವೆಯೇ ಯಾವ ಯಾವ ಮಕ್ಕಳ ಪರೀಕ್ಷೆಯ ಫೀ ಕಟ್ಟಿದರೆಂಬುದೂ ಅದರಲ್ಲಿ ಇದೆ. ಸಹಾಯ ಪಡೆದವರ ಹೆಸರುಗಳು ಕಾಣದಂತೆ ಮುಚ್ಚಿ ಅಚ್ಚು ಹಾಕಬೇಕೆಂಬ ಸಲಹೆ ಕೂಡ ಮುದ್ರಣಾಲಯದಿಂದಲೇ ಬಂದದ್ದು, ಮತ್ತು ಅದು ಆಯಿಗೆ ಒಪ್ಪಿಗೆಯಾಗುತ್ತಿದ್ದ ನಡತೆ.

ಸಾಮಾನ್ಯವಾಗಿ ಇಂಥ ಗ್ರಂಥಗಳ ಮೊದಲ ಇಪ್ಪತ್ತು ಮೂವತ್ತು ಪುಟಗಳು ಗಣ್ಯರ ಸಂದೇಶಗಳಿಂದಲೇ ತುಂಬಿರುತ್ತವೆ, ಓದುಗರು ತೀರಿಕೊಂಡವರ ಬಳಿಗೆ ತಲುಪುವ ಹೊತ್ತಿಗೆ ದಣಿದಿರುತ್ತಾರೆ. ಇಲ್ಲಿ ಸಂದೇಶಗಳು ಕೊನೆಯ ಎಂಟು ಪುಟಗಳಲ್ಲಿವೆ. ಮೊದಲ ಪುಟದಲ್ಲಿ ಇರುವುದು ಆಯಿಯ ಕೈಬರಹದ ಒಂದು ಪಾಠ ಟಿಪ್ಪಣಿ: ಮೂರನೆಯ ಇಯತ್ತೆಗೆ ಒತ್ತಕ್ಷರ ಕಲಿಸುವ ಕ್ರಮ. ಕೊನೆಯ ವರ್ಷಗಳ ಭಾಗ ಮಾತ್ರ ಸ್ವಲ್ಪ ತೆಳುವಾಗಿದೆಯೆಂದು ನನ್ನ ಭಾವನೆ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ತೊಂಬತ್ತೆರಡರ ವಯಸ್ಸಿನ ಆಯಿ ಮರಿಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ಅಂಗಳದಲ್ಲಿ ದೂರ ದೂರ ಕೂಡಿಸಿ ಮಗ್ಗಿ ಹೇಳಿಸಿದ ದಿನಗಳ ಕುರಿತು ಒಂದೂವರೆ ಪುಟವಷ್ಟೇ ಇದೆ. ಅದಕ್ಕೆ ಕಾರಣ ಮುದ್ರಣಾಲಯವಲ್ಲ. ಆ ಮಕ್ಕಳು ಬರೆಯಲು ಇನ್ನೂ ಚಿಕ್ಕವರು.

ಮುದ್ರಣಾಲಯದ ಕಡೆಯಿಂದಾದ ಕೊರತೆಗಳನ್ನೂ ಬರೆಯಬೇಕು. ಮೊದಲನೆಯದು ವಿಳಂಬ. ಒಂದು ತಿಂಗಳಲ್ಲಿ ಕೊಡುತ್ತೇವೆಂದವರು ಎರಡು ತಿಂಗಳ ಹತ್ತಿರ ಮಾಡಿದರು. ನಡುವೆ ಲಗ್ನಸರಾಯಿ ಬಂತು, ಲಗ್ನಪತ್ರಿಕೆಗಳು ಮುಂದೆ ಹೋದವು, ನಮ್ಮ ಫಾರ್ಮುಗಳು ಹಿಂದೆ ಉಳಿದವು. ಆ ದಿನಗಳಲ್ಲಿ ಫೋನು ಮಾಡಿದರೆ ಎತ್ತುವವರೂ ಇರಲಿಲ್ಲ. ಪುಣ್ಯಸ್ಮರಣೆಯ ಹಿಂದಿನ ಸಂಜೆ ಪುಸ್ತಕಗಳು ಕೈಸೇರಿದವು. ಮನೆಯವರು ಅನುಭವಿಸಿದ ಆತಂಕ ಸಣ್ಣದಲ್ಲ. ಎರಡನೆಯದು, ಮೊದಲ ಕರಡಿನಲ್ಲಿನ ತಪ್ಪುಗಳು. ನಾವು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಕಳಿಸಿದ ಬರಹವನ್ನು ಅವರ ಹಳೆಯ ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶಕ್ಕೆ ಬದಲಾಯಿಸುವಾಗ ಅರ್ಕಾವೊತ್ತುಗಳು ಸ್ಥಾನ ತಪ್ಪಿದ್ದವು, ‘ಟೀಚರ್‌ಗಳು’ ಎಂಬಂಥ ಪದಗಳೆಲ್ಲ ‘ಟೀಚರ್ಗಳು’ ಆಗಿದ್ದವು. ಎರಡನೆಯ ಕರಡಿನ ಹೊತ್ತಿಗೆ ಅವರು ಯೂನಿಕೋಡಿನಲ್ಲಿಯೇ ಪುಟ ಕಟ್ಟಿದ್ದರಿಂದ ತೊಂದರೆ ನಿವಾರಣೆಯಾಯಿತು, ಆದರೆ ಮೊದಲೇ ಹಾಗೆ ಮಾಡಬಹುದಿತ್ತು. ಕಪ್ಪು ಬಿಳುಪು ಚಿತ್ರಗಳನ್ನು ನಾಲ್ಕು ಬಣ್ಣದ ಶಾಯಿಯಲ್ಲಿ ಅಚ್ಚು ಹಾಕಿದಾಗ ಶಾಯಿಗಳ ಪ್ರಮಾಣ ಸರಿಹೊಂದದೆ ಮುಖಗಳೆಲ್ಲ ಕೆಂಪುಛಾಯೆಯಲ್ಲಿ ಬಂದವು. ತೋರಿಸಿದ ಕೂಡಲೇ ವಾದಿಸದೆ ಆ ಫಾರ್ಮನ್ನು ಬರಿಯ ಕಪ್ಪು ಶಾಯಿಯಲ್ಲಿ ತಮ್ಮ ಖರ್ಚಿನಿಂದ ಮತ್ತೆ ಅಚ್ಚು ಹಾಕಿಕೊಟ್ಟರು. ಕೆಲವು ಪ್ರತಿಗಳಲ್ಲಿ ಒಂದೇ ಫಾರ್ಮು ಎರಡು ಸಲ ಸೇರಿತ್ತು, ಅವನ್ನೂ ಬದಲಿಸಿದರು. ಮೇಲ್ಮಹಡಿಗೆ ಹತ್ತುವ ಮೆಟ್ಟಿಲು ತುಂಬ ಕಡಿದಾಗಿರುವುದರಿಂದ ಕರಡು ನೋಡಲು ಬಯಸಿದ ವಯಸ್ಸಾದ ವಿದ್ಯಾರ್ಥಿನಿಯರು ಕೆಳಗಿನ ಅಂಗಡಿಯಲ್ಲಿಯೇ ಕುಳಿತು ನೋಡಬೇಕಾಯಿತು.

ಹಣದ ಲೆಕ್ಕ ಹೀಗಿದೆ. 300 ಪ್ರತಿಗಳಿಗೆ, ಹೊಲಿಗೆ ಮತ್ತು ಚಿತ್ರಗಳ ಫಾರ್ಮು ಸೇರಿ, ಪ್ರತಿಯೊಂದಕ್ಕೆ ಸುಮಾರು 200 ರೂಪಾಯಿ ಬಿದ್ದಿದೆ. ಆಫ್‌ಸೆಟ್‌ನಲ್ಲಿ ಫಲಕ ಮಾಡುವ ಖರ್ಚು ಎಷ್ಟು ಪ್ರತಿ ತೆಗೆದರೂ ಒಂದೇ ಆದ್ದರಿಂದ, ಐವತ್ತು ಅರವತ್ತು ಪ್ರತಿ ಸಾಕೆನ್ನುವವರು ಡಿಜಿಟಲ್ ಮುದ್ರಣ ಕೇಳುವುದು ಲೇಸು. ಅದರ ವ್ಯವಸ್ಥೆಯೂ ಅವರಲ್ಲಿ ಇದೆ. ಉರ್ದು ಪುಟಗಳ ಜೋಡಣೆಗೆ ಬೇರೆ ಹಣ ತೆಗೆದುಕೊಂಡದ್ದು ತಪ್ಪಲ್ಲ, ಮುಂಚೆ ತಿಳಿಸದೆ ಕೊನೆಯ ಬಿಲ್ಲಿನಲ್ಲಿ ಸೇರಿಸಿದ್ದು ಸರಿಯಲ್ಲ. ಹೋಗುವವರು ಒಟ್ಟು ದರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು, ಮದುವೆಯ ದಿನಗಳನ್ನು ಬಿಟ್ಟು ಕೆಲಸ ಕೊಡಬೇಕು, ಅಗತ್ಯವಿರುವ ದಿನಕ್ಕಿಂತ ಮೂರು ತಿಂಗಳು ಮೊದಲೇ ಬರಹಗಳನ್ನು ಒಪ್ಪಿಸಬೇಕು. ಮೂಲ ಚಿತ್ರಗಳನ್ನೂ ದಾಖಲೆಗಳನ್ನೂ ಅವರು ಎಣಿಸಿ ಪಟ್ಟಿ ಮಾಡಿ ತೆಗೆದುಕೊಂಡು, ಅದೇ ಪಟ್ಟಿಯಂತೆ ಹಿಂದಿರುಗಿಸುತ್ತಾರೆ. ನಮ್ಮದೊಂದು ಚೀಟಿಯೂ ಕಳೆಯಲಿಲ್ಲ, ಮಡಿಕೆ ಬೀಳಲಿಲ್ಲ.

ಪ್ರತಿಗಳೆಲ್ಲ ಈಗ ಮುಗಿದಿವೆ. ಸುರಪುರ, ಸೇಡಂ ಕಡೆಯ ಹಳೆಯ ವಿದ್ಯಾರ್ಥಿನಿಯರ ಮನೆಗಳಿಂದ ಇನ್ನೂ ಕೇಳುತ್ತಿರುವುದರಿಂದ, ಮತ್ತೆ 200 ಪ್ರತಿಗಳನ್ನು ಅದೇ ಮುದ್ರಣಾಲಯಕ್ಕೆ ಹೇಳಿದ್ದೇವೆ. ಈ ಸಲದ ಆವೃತ್ತಿಯಲ್ಲಿ, ಗುಂಪು ಭಾವಚಿತ್ರಗಳಲ್ಲಿ ಹೆಸರು ತಿಳಿಯದೆ ಉಳಿದಿದ್ದ ಹುಡುಗಿಯರಲ್ಲಿ ಗುರುತು ಸಿಕ್ಕ ಕೆಲವರ ಹೆಸರುಗಳು ಸೇರುತ್ತವೆ, ಉರ್ದು ಪುಟಗಳ ಶುಲ್ಕ ಮೊದಲ ಚೀಟಿಯಲ್ಲಿಯೇ ಬರೆದಿದೆ.